ನಲ್ಲಿ ನೀರು ಗಡಸಾಗಿದೆಯಾ? ಯಂತ್ರ ಕೊಳ್ಳುವ ಮುಂಚೆ ಇಷ್ಟು ಮಾಡಿ

ನಲ್ಲಿ ನೀರಿನ ಮೇಲೆ ಅನುಮಾನ ಬಂದಾಗ ಹೆಚ್ಚಿನವರು ಮೊದಲು ಕೈಗೆತ್ತಿಕೊಳ್ಳುವುದು ಟಿಡಿಎಸ್ ಮೀಟರ್. ನಾನೂ ಅದನ್ನೇ ಮಾಡಿದ್ದೆ. ಲೋಟಕ್ಕೆ ಅದ್ದಿದೆ, ಸಂಖ್ಯೆ ನೋಡಿ ಗಾಬರಿಯಾದೆ, ಅಂಗಡಿಗೆ ಓಡಿದೆ. ಆ ಮೀಟರ್ ಗಡಸುತನವನ್ನು ಅಳೆಯುವುದೇ ಇಲ್ಲ ಅಂತ ಗೊತ್ತಾಗಿದ್ದು ಆಮೇಲೆ. ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದನ್ನಷ್ಟೇ ಅದು ನೋಡುತ್ತದೆ. ಲೋಟಕ್ಕೆ ಚಿಟಿಕೆ ಉಪ್ಪು ಹಾಕಿ ನೋಡಿ, ಸಂಖ್ಯೆ ಜಿಗಿಯುತ್ತದೆ. ಹಾಗಂತ ನೀರು ಗಡಸಾಯಿತು ಅಂತಲ್ಲ.

ಗಡಸುತನಕ್ಕೆ ಕಾರಣ ಮುಖ್ಯವಾಗಿ ಎರಡು: ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ. ಮಳೆ ನೀರು ಗಾಳಿಯಿಂದ, ಮಣ್ಣಿನಿಂದ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ನೀರು ನೆಲದೊಳಗೆ ಇಳಿಯುವಾಗ ಸುಣ್ಣಕಲ್ಲಿನಂಥ ಕಲ್ಲುಗಳನ್ನು ಸ್ವಲ್ಪಸ್ವಲ್ಪವೇ ಕರಗಿಸಿಕೊಳ್ಳುತ್ತದೆ. ಕಲ್ಲಿನ ಜೊತೆ ಎಷ್ಟು ಕಾಲ ಇದ್ದರೆ ಅಷ್ಟು ಗಡಸು. ಅದಕ್ಕೇ ನದಿ ನೀರಿಗಿಂತ ಕೊಳವೆಬಾವಿಯ ನೀರು ಸಾಮಾನ್ಯವಾಗಿ ಜಾಸ್ತಿ ಗಡಸಾಗಿರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗಡಸು ನೀರು ಅಂದರೆ ಕೊಳಕು ನೀರಲ್ಲ. ಮನೆಯ ಪ್ರತಿ ಹನಿಯನ್ನೂ ಮೆದು ಮಾಡಬೇಕಾಗಿಲ್ಲ. ಅದು ಕಾಟ ಕೊಡುವುದು ಮೂರು ಕಡೆ: ಕಾಯಿಸುವಲ್ಲಿ, ಸೋಪು ಹಾಕುವಲ್ಲಿ, ಒಣಗುವಲ್ಲಿ. ಆ ಜಾಗಗಳನ್ನು ಒಂದೊಂದಾಗಿ ನೋಡಿಕೊಂಡರೆ ಎಷ್ಟೋ ಮನೆಗಳಿಗೆ ಸಾಫ್ಟ್ನರ್, ಅಂದರೆ ನೀರು ಮೆದು ಮಾಡುವ ದೊಡ್ಡ ಯಂತ್ರದ ಅಗತ್ಯವೇ ಬೀಳುವುದಿಲ್ಲ.

1. ಅಳೆಯಿರಿ

ಖರ್ಚಿಲ್ಲದ ಪರೀಕ್ಷೆ ಮೊದಲು. ಒಂದೇ ಥರದ ಎರಡು ಪಾರದರ್ಶಕ ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ಡಿಸ್ಟಿಲ್ಡ್ ನೀರು ಅಥವಾ ನೇರವಾಗಿ ಹಿಡಿದ ಮಳೆ ನೀರು. ಅರ್ಧದಷ್ಟು ತುಂಬಿಸಿ. ಎರಡಕ್ಕೂ ಒಂದೇ ಅಳತೆಯಲ್ಲಿ ತುರಿದ ಸೋಪು ಹಾಕಿ ಜೋರಾಗಿ ಅಲ್ಲಾಡಿಸಿ. ಮೆದು ನೀರಿನಲ್ಲಿ ನೊರೆ ಮೇಲೆದ್ದು ನಿಲ್ಲುತ್ತದೆ. ಗಡಸು ನೀರಿನಲ್ಲಿ ನೊರೆ ಕಡಿಮೆ, ನೀರು ಹಾಲಿನಂತೆ ಮಬ್ಬು, ಮೇಲೆ ಜಿಡ್ಡು ತೇಲುತ್ತದೆ. ನಿಜವಾದ ಸೋಪನ್ನೇ ಬಳಸಬೇಕು. ಪಾತ್ರೆ ತೊಳೆಯುವ ಲಿಕ್ವಿಡ್, ಶಾಂಪೂ ಹಾಕಿದರೆ ಪರೀಕ್ಷೆ ಕೆಡುತ್ತದೆ. ಅವು ಗಡಸು ನೀರಿನಲ್ಲೂ ನೊರೆ ಕೊಡುವಂತೆ ಮಾಡಿದ ಡಿಟರ್ಜೆಂಟುಗಳು.

ಈ ಪರೀಕ್ಷೆ "ಗಡಸು ಹೌದಾ ಅಲ್ವಾ" ಅಂತ ಹೇಳುತ್ತದೆ, ಎಷ್ಟು ಅಂತ ಹೇಳುವುದಿಲ್ಲ. ಎಷ್ಟು ಅಂತ ಗೊತ್ತಾಗಬೇಕಾದರೆ ಹನಿ ಲೆಕ್ಕದ ಕಿಟ್ ತರಬೇಕು. ಗುರುತಿನವರೆಗೆ ನೀರು ತುಂಬಿಸಿ ಅದರಲ್ಲಿ ಕೊಟ್ಟಿರುವ ಬಣ್ಣದ ಪುಡಿ ಅಥವಾ ದ್ರವ ಹಾಕಿದರೆ ಗಡಸು ನೀರು ವೈನ್ ಥರದ ಕೆಂಪಿಗೆ ತಿರುಗುತ್ತದೆ. ಆಮೇಲೆ ಇಡಿಟಿಎ ದ್ರಾವಣವನ್ನು (ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದುಕೊಳ್ಳುವ ರಾಸಾಯನಿಕ) ಒಂದೊಂದೇ ಹನಿ ಬಿಡುತ್ತಾ ಅಲ್ಲಾಡಿಸಬೇಕು. ಕೆಂಪಿನ ಕೊನೆಯ ಛಾಯೆಯೂ ಹೋಗಿ ಪೂರ್ತಿ ನೀಲಿಯಾದಾಗ ನಿಲ್ಲಿಸಿ. ಹನಿಗಳನ್ನು ಎಣಿಸಿದ್ದೀರಲ್ವಾ? ಒಂದು ಹನಿಗೆ ಎಷ್ಟು ಅನ್ನುವುದು ಕಿಟ್ ಮೇಲೆ ಬರೆದಿರುತ್ತದೆ, ಗುಣಿಸಿಕೊಳ್ಳಿ. ನೇರಳೆ ಬಣ್ಣಕ್ಕೇ ನಿಲ್ಲಿಸಿಬಿಟ್ಟರೆ ಲೆಕ್ಕ ಕಡಿಮೆ ಬರುತ್ತದೆ. ಅದ್ದಿ ನೋಡುವ ಪಟ್ಟಿಗಳೂ ಸಿಗುತ್ತವೆ, ಅಂದಾಜಿಗೆ ಸಾಕು.

ಬಂದ ಸಂಖ್ಯೆಯನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಅಂತ ಓದುತ್ತಾರೆ. ಪಿಪಿಎಂ ಅಂದರೂ ಅದೇ. 60ರವರೆಗೆ ಮೆದು, 61ರಿಂದ 120 ಮಧ್ಯಮ, 121ರಿಂದ 180 ಗಡಸು, ಅದಕ್ಕೂ ಮೇಲೆ ತುಂಬಾ ಗಡಸು ಅನ್ನುವುದು ಹೆಚ್ಚು ಬಳಕೆಯಲ್ಲಿರುವ ವಿಂಗಡಣೆ. ವಾಷಿಂಗ್ ಮೆಷಿನ್, ಡಿಶ್‌ವಾಷರ್‌ಗಳ ಕೈಪಿಡಿಯಲ್ಲಿ ಬೇರೆ ಅಳತೆ ಇರಬಹುದು. ಒಂದು ಜರ್ಮನ್ ಡಿಗ್ರಿ ಅಂದರೆ 17.8 ಮಿಲಿಗ್ರಾಂ, ಒಂದು ಫ್ರೆಂಚ್ ಡಿಗ್ರಿ ಅಂದರೆ 10 ಮಿಲಿಗ್ರಾಂ.

ಒಂದೇ ಸಲ ಅಳೆದು ಸುಮ್ನಾಗಬೇಡಿ. ನಗರದ ನೀರು ಎಲ್ಲ ದಿನವೂ ಒಂದೇ ಮೂಲದಿಂದ ಬರುತ್ತದೆ ಅಂತೇನಿಲ್ಲ. ಮಳೆಗಾಲದಲ್ಲಿ ಒಂದು, ನೀರಿನ ಅಭಾವ ಇದ್ದಾಗ ಇನ್ನೊಂದು. ಅಪಾರ್ಟ್‌ಮೆಂಟುಗಳಲ್ಲಿ ಸರಬರಾಜಿನ ನೀರಿಗೆ ಕೊಳವೆಬಾವಿ ನೀರು, ಟ್ಯಾಂಕರ್ ನೀರು ಬೆರೆಸಿರುತ್ತಾರೆ. ಎರಡು ಮೂರು ತಿಂಗಳು ಆಗಾಗ ಅಳೆದು ತಾರೀಖಿನ ಜೊತೆ ಬರೆದಿಡಿ.

2. ಕುದಿಸಿದರೆ ಹೋಗುವ ಗಡಸಾ, ಹೋಗದ ಗಡಸಾ?

ಗಡಸುತನದಲ್ಲಿ ಎರಡು ಬಗೆ. ಬೈಕಾರ್ಬೊನೇಟ್ ಜೊತೆಗಿದ್ದರೆ ಅದು ತಾತ್ಕಾಲಿಕ. ನೀರು ಕಾಯಿಸಿದಾಗ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಬಿಳಿ ಪುಡಿಯಾಗಿ ಬೇರ್ಪಡುತ್ತದೆ. ಕಲ್ಲು ಕರಗಿ ಬಂದಿದ್ದು ಮತ್ತೆ ಕಲ್ಲಾಗುವುದು, ಅಷ್ಟೇ. ಸಲ್ಫೇಟ್, ಕ್ಲೋರೈಡ್ ಜೊತೆಗಿದ್ದರೆ ಅದು ಶಾಶ್ವತ. ಎಷ್ಟು ಕುದಿಸಿದರೂ ಹೋಗದು.

ತಿಳಿಯುವುದು ಸುಲಭ. ಒಂದು ಲೀಟರ್ ನೀರನ್ನು ಹತ್ತು ನಿಮಿಷ ಕುದಿಸಿ, ಮುಚ್ಚಿ ತಣ್ಣಗಾಗಲು ಬಿಡಿ. ಆವಿಯಾಗಿ ಹೋದಷ್ಟನ್ನು ಡಿಸ್ಟಿಲ್ಡ್ ನೀರಿನಿಂದ ತುಂಬಿಸಿ, ಕಲಕಿ, ಕೆಳಗಿನ ಪುಡಿ ಪೂರ್ತಿ ಕೂತ ಮೇಲೆ ಮೇಲಿನ ತಿಳಿ ತೆಗೆದು ಮತ್ತೆ ಅಳೆಯಿರಿ. ಕಡಿಮೆಯಾದಷ್ಟು ತಾತ್ಕಾಲಿಕ, ಉಳಿದದ್ದು ಶಾಶ್ವತ. ತಾತ್ಕಾಲಿಕ ಜಾಸ್ತಿ ಇದ್ದರೆ ನಿಮ್ಮ ಮೊದಲ ಚಿಂತೆ ಗೀಸರ್. ಶಾಶ್ವತವೇ ಜಾಸ್ತಿ ಇದ್ದರೆ ಗೀಸರಿನ ತೊಂದರೆ ಅಷ್ಟಿರುವುದಿಲ್ಲ, ಬಟ್ಟೆ ಮತ್ತು ಸ್ನಾನದ ಸೋಪು ಮಾತ್ರ ಒಂದೇ ಸಮ ಸತಾಯಿಸುತ್ತವೆ.

3. ಗೀಸರ್ ಕಡೆ ನೋಡಿ

ಖರ್ಚು ನಿಜವಾಗಿ ಬೀಳುವುದು ಇಲ್ಲಿ. ಒಂದು ಲೆಕ್ಕ ಹಾಕೋಣ. ನೀರಿನ ಗಡಸುತನ 300, ದಿನಕ್ಕೆ 150 ಲೀಟರ್ ಕಾಯಿಸುತ್ತೀರಿ ಅಂದುಕೊಳ್ಳಿ. ದಿನಕ್ಕೆ 45 ಗ್ರಾಂ, ವರ್ಷಕ್ಕೆ 16 ಕೆಜಿಗೂ ಹೆಚ್ಚು ಸುಣ್ಣ ಆ ಟ್ಯಾಂಕಿನ ಮೂಲಕ ಹಾದುಹೋಗುತ್ತದೆ. ಬಹುಪಾಲು ನೀರಿನ ಜೊತೆ ಹೊರಗೆ ಹೋಗುತ್ತದೆ ಬಿಡಿ. ಆದರೆ ನೂರಕ್ಕೆ ಐದು ಭಾಗ ಒಳಗೇ ನಿಂತರೂ ವರ್ಷಕ್ಕೆ 800 ಗ್ರಾಂ ಆಯಿತು.

ಸುಣ್ಣ ಕಟ್ಟಿದ ಗೀಸರ್ ವಿಪರೀತ ಕರೆಂಟ್ ತಿನ್ನುತ್ತದೆ ಅನ್ನುವ ಮಾತಿದೆ. ಇದು ಅರ್ಧ ಸತ್ಯ. ನೀರಿನೊಳಗೇ ಮುಳುಗಿರುವ ಕಾಯಿಲ್‌ನ ಶಾಖ ತಡವಾಗಿಯಾದರೂ ನೀರಿಗೇ ಸೇರಬೇಕು, ಬೇರೆ ದಾರಿ ಇಲ್ಲ. ಹಾಗಾಗಿ ಬಿಲ್ಲಿನಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಕಾಯಿಲ್‌ಗೆ ಮಾತ್ರ ಉಸಿರುಕಟ್ಟುತ್ತದೆ. ಕಂಬಳಿ ಹೊದ್ದು ಬಿಸಿಲಿಗೆ ಕೂತವರ ಹಾಗೆ ಸುಣ್ಣದ ಹೊದಿಕೆಯೊಳಗೆ ಅದು ಮಿತಿ ಮೀರಿ ಕಾಯ್ದು, ಒಂದು ದಿನ ಸುಟ್ಟು ಹೋಗುತ್ತದೆ. ಗ್ಯಾಸ್ ಗೀಸರಿನ ಕಥೆ ಬೇರೆ. ಅಲ್ಲಿ ಬೆಂಕಿ ಹೊರಗೆ, ನೀರು ಕೊಳವೆಯೊಳಗೆ. ನಡುವೆ ಸುಣ್ಣ ಕಟ್ಟಿದರೆ ಶಾಖ ಹೊಗೆಯ ಜೊತೆ ಹೊರಗೆ ಹೋಗುತ್ತದೆ, ಗ್ಯಾಸ್ ನಿಜಕ್ಕೂ ದಂಡವಾಗುತ್ತದೆ.

ಲಕ್ಷಣಗಳು ಇವು: ಕಾಯುವಾಗ ಒಳಗಿಂದ ಗುಡುಗುಡು, ಟಕಟಕ ಸದ್ದು. ಮೊದಲು ಎರಡು ಬಕೆಟ್ ಬಿಸಿನೀರು ಬರುತ್ತಿದ್ದದ್ದು ಈಗ ಒಂದೂವರೆಗೇ ತಣ್ಣಗಾಗುವುದು. ಬಿಸಿನೀರಿನ ನಲ್ಲಿಯಲ್ಲಿ ಮಾತ್ರ ಧಾರೆ ಸಣ್ಣಗಾಗುವುದು, ಅದರಲ್ಲಿ ಬಿಳಿ ಚಕ್ಕೆ ಬರುವುದು.

ಏನು ಮಾಡಬೇಕು? ಉಷ್ಣತೆಯ ತಿರುಗಣೆ ನೋಡಿ. ನೀರು ಬಿಸಿಯಾದಷ್ಟೂ ಸುಣ್ಣ ಬೇಗ ಕಟ್ಟುತ್ತದೆ, 60 ಡಿಗ್ರಿ ದಾಟಿದ ಮೇಲಂತೂ ಕೇಳಲೇಬೇಡಿ. 75ರಲ್ಲಿ ಇಟ್ಟಿದ್ದರೆ 60ಕ್ಕೆ ಇಳಿಸಿ. ಅದಕ್ಕಿಂತ ತೀರಾ ಕೆಳಗೆ ಬೇಡ. 20ರಿಂದ 45 ಡಿಗ್ರಿಯ ನಡುವೆ ನಿಂತ ನೀರಿನಲ್ಲಿ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅದು ಶ್ವಾಸಕೋಶಕ್ಕೆ ಅಪಾಯ. 60 ಡಿಗ್ರಿಯ ನೀರು ಚರ್ಮ ಸುಡುತ್ತದೆ ಅನ್ನುವುದನ್ನೂ ಮರೆಯಬೇಡಿ. ತಣ್ಣೀರು ಬೆರೆಸಿಯೇ ಬಳಸಿ.

ಇನ್ನು ಒಳಗಿನ ಸ್ವಚ್ಛತೆ. ಗಡಸುತನ 200ಕ್ಕಿಂತ ಹೆಚ್ಚಿದ್ದರೆ ವರ್ಷಕ್ಕೊಮ್ಮೆ ಗೀಸರ್ ಬಿಚ್ಚಿಸಿ ಅನ್ನುವುದು ನನ್ನ ಸಲಹೆ. ಕೆಲಸ ಗೊತ್ತಿರುವವರಿಂದಲೇ ಮಾಡಿಸಿ, ಆದರೆ ಪಕ್ಕದಲ್ಲಿ ನಿಂತು ನಾಲ್ಕು ವಿಷಯ ಗಮನಿಸಿ. ಸ್ವಿಚ್ ಅಷ್ಟೇ ಅಲ್ಲ, ಮೀಟರ್ ಬೋರ್ಡಿನ ಎಂಸಿಬಿಯನ್ನೂ (ಆ ಲೈನಿನ ಕರೆಂಟ್ ಕಡಿಯುವ ಸ್ವಿಚ್) ಆಫ್ ಮಾಡಿದ್ದಾರಾ? ಕಾಯಿಲ್ ಅನ್ನು ಸ್ಕ್ರೂಡ್ರೈವರ್‌ನಿಂದ ಕೆರೆಯದೆ ಸಿಟ್ರಿಕ್ ಆಸಿಡ್ ನೀರಿನಲ್ಲಿ ನೆನೆಸಿದ್ದಾರಾ? ಹಳೆಯ ಗ್ಯಾಸ್ಕೆಟ್ ಬದಲು ಹೊಸದು ಹಾಕಿದ್ದಾರಾ? ಆನೋಡ್ ಕಡ್ಡಿ ನೋಡಿದ್ದಾರಾ? ಟ್ಯಾಂಕ್ ತುಕ್ಕು ಹಿಡಿಯದಂತೆ ತಾನು ಸವೆಯುವ ಮೆಗ್ನೀಷಿಯಂ ಅಥವಾ ಅಲ್ಯೂಮಿನಿಯಂ ಕಡ್ಡಿ ಅದು. ಪೆನ್ಸಿಲ್‌ನಷ್ಟು ಸಣ್ಣಗಾಗಿ ಒಳಗಿನ ತಂತಿ ಕಾಣುತ್ತಿದ್ದರೆ ಬದಲಿಸಿಬಿಡಿ. ಕೊನೆಗೆ, ಟ್ಯಾಂಕ್ ತುಂಬಿ ಬಿಸಿನೀರಿನ ನಲ್ಲಿಯಲ್ಲಿ ಧಾರೆ ಬಂದ ಮೇಲೇ ಕರೆಂಟ್ ಕೊಡಬೇಕು. ಖಾಲಿ ಟ್ಯಾಂಕಿನಲ್ಲಿ ಕಾಯಿಲ್ ಬೇಗನೆ ಸುಟ್ಟುಹೋಗುತ್ತದೆ.

4. ಕಲೆ, ಸುಣ್ಣ ತೆಗೆಯುವಾಗ

ನಲ್ಲಿಯ ಮೇಲಿನ ಬಿಳಿ ಚುಕ್ಕೆ ಕೊಳೆಯಲ್ಲ, ನೀರು ಒಣಗಿ ಉಳಿದ ಕಲ್ಲು. ಸೋಪಿನಿಂದ ಉಜ್ಜಿದರೆ ಹೋಗುವುದಿಲ್ಲ, ಹುಳಿ ಬೇಕು. ಒಂದು ಲೀಟರ್ ಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ಸಿಟ್ರಿಕ್ ಆಸಿಡ್ ಪುಡಿ, ಅಥವಾ ಬಿಳಿ ವಿನೆಗರ್ ಮತ್ತು ನೀರು ಸಮಸಮ. ಹಚ್ಚಿದಾಗ ಸಣ್ಣ ಗುಳ್ಳೆ ಎದ್ದರೆ ಕೆಲಸ ನಡೆಯುತ್ತಿದೆ ಅಂತ ಅರ್ಥ. ಸಿಟ್ರಿಕ್ ಆಸಿಡ್ ಹಾಕಿ ಕುದಿಸಬೇಡಿ. ಕುದಿಯುವ ಬಿಸಿಯಲ್ಲಿ ಕ್ಯಾಲ್ಸಿಯಂ ಸಿಟ್ರೇಟ್ ಎಂಬ ಇನ್ನೊಂದು ಬಿಳಿ ಪುಡಿ ಕೂತುಬಿಡಬಹುದು. ಬೆಚ್ಚಗಿದ್ದರೆ ಸಾಕು.

ಷವರ್ ಬಿಚ್ಚಲು ಬರದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಈ ದ್ರಾವಣ ತುಂಬಿ, ಷವರ್ ಮುಳುಗುವಂತೆ ರಬ್ಬರ್ ಬ್ಯಾಂಡ್ ಹಾಕಿ ಅರ್ಧ ಗಂಟೆ ಬಿಡಿ. ಆಮೇಲೆ ಹಳೆಯ ಬ್ರಷ್‌ನಿಂದ ತಿಕ್ಕಿ ನೀರು ಬಿಡಿ. ಧಾರೆ ಸಣ್ಣಗಾದ ನಲ್ಲಿಯ ತುದಿಯಲ್ಲಿ ಒಂದು ಜಾಲರಿ ಇರುತ್ತದೆ, ತಿರುಗಿಸಿದರೆ ಬರುತ್ತದೆ. ಎಷ್ಟೋ ಸಲ "ಪ್ರೆಷರ್ ಕಡಿಮೆ" ಅಂತ ಪ್ಲಂಬರ್‌ನನ್ನು ಕರೆಸುವುದು ಆ ಪುಟ್ಟ ಜಾಲರಿಯ ದೆಸೆಯಿಂದ.

ನನ್ನ ತಪ್ಪೊಂದು ಹೇಳಿಬಿಡುತ್ತೇನೆ. ಬೇಗ ಆಗಲಿ ಅಂತ ಟಾಯ್ಲೆಟ್ ತೊಳೆಯುವ ಗಟ್ಟಿ ಆಸಿಡ್ಡನ್ನೇ ನಲ್ಲಿಗೆ ಹಚ್ಚಿದ್ದೆ. ಸುಣ್ಣವೇನೋ ಹೋಯಿತು, ಜೊತೆಗೆ ಮೇಲಿನ ಕ್ರೋಮ್ ಹೊಳಪೂ ಹೋಯಿತು. ಈಗ ಅದರ ಮೇಲೆ ಹೊಸ ಸುಣ್ಣ ಇನ್ನೂ ಬೇಗ ಅಂಟುತ್ತದೆ. ವಿನೆಗರ್ ಕೂಡ ಅಮೃತಶಿಲೆಗೆ ಆಗುವುದಿಲ್ಲ, ಕಲ್ಲೇ ಸುಣ್ಣದ ಕಲ್ಲು. ಟೈಲ್ಸ್ ನಡುವಿನ ಸಿಮೆಂಟ್, ಅಲ್ಯೂಮಿನಿಯಂ ಪಾತ್ರೆಗಳ ಮೇಲೂ ಬೇಡ. ಇನ್ನೊಂದು ತುಂಬಾ ಮುಖ್ಯ: ಯಾವ ಹುಳಿಯನ್ನೂ ಬ್ಲೀಚ್ ಜೊತೆ ಬೆರೆಸಬೇಡಿ. ಒಂದರ ಬೆನ್ನಿಗೆ ಇನ್ನೊಂದನ್ನೂ ಸುರಿಯಬೇಡಿ. ಏಳುವುದು ಕ್ಲೋರಿನ್ ವಿಷಾನಿಲ, ಮುಚ್ಚಿದ ಬಾತ್‌ರೂಮಿನಲ್ಲಿ ಪ್ರಾಣಕ್ಕೇ ಕುತ್ತು.

ಇಷ್ಟೆಲ್ಲ ಬೇಡ ಅಂದರೆ ಸ್ನಾನವಾದ ಮೇಲೆ ನಲ್ಲಿ, ಗಾಜನ್ನು ಒಣಬಟ್ಟೆಯಿಂದ ಒಮ್ಮೆ ಒರೆಸಿಬಿಡಿ. ಒಣಗಲು ನೀರೇ ಇಲ್ಲದಿದ್ದರೆ ಕಲೆ ಎಲ್ಲಿಂದ ಬರಬೇಕು?

5. ಬಟ್ಟೆ

ಸೋಪು ಕ್ಯಾಲ್ಸಿಯಂ ಜೊತೆ ಸೇರಿದರೆ ನೀರಲ್ಲಿ ಕರಗದ ಜಿಡ್ಡಾಗುತ್ತದೆ. ಬಿಳಿ ಬಟ್ಟೆ ಮಾಸಲಾಗುವುದು, ಟವೆಲ್ ಒಣಗಿದಾಗ ಹಪ್ಪಳದ ಹಾಗೆ ನಿಲ್ಲುವುದು ಇದರಿಂದ, ಮತ್ತು ನೂಲಿನಲ್ಲಿ ಒಣಗಿ ಉಳಿಯುವ ಸುಣ್ಣದಿಂದ. ಕೈಯಲ್ಲಿ ಒಗೆಯುವವರು ಸೋಪಿನ ಬದಲು ಡಿಟರ್ಜೆಂಟ್ ಬಳಸಿ. ಮೆಷಿನ್ ಇದ್ದವರು ಪುಡಿಯ ಡಬ್ಬದ ಹಿಂದೆ ನೋಡಿ, ಗಡಸು ನೀರಿಗೆ ಬೇರೆ ಅಳತೆ ಕೊಟ್ಟಿದ್ದರೆ ಅದನ್ನೇ ಹಾಕಿ. ಅಂದಾಜಿನಲ್ಲಿ ಎರಡರಷ್ಟು ಸುರಿದರೆ ಪುಡಿಯೇ ಬಟ್ಟೆಯಲ್ಲಿ ಉಳಿದುಕೊಳ್ಳುತ್ತದೆ. ಬಿಸಿನೀರಿನ ಸುತ್ತು ಬಳಸುವ ಮೆಷಿನ್ನಿಗೆ ಎರಡು ಮೂರು ತಿಂಗಳಿಗೊಮ್ಮೆ, ಬಟ್ಟೆ ಹಾಕದೆ, ಸುಣ್ಣ ತೆಗೆಯುವ ಪುಡಿ ಹಾಕಿ ಓಡಿಸಿ. ಪ್ರತಿ ಸಲವೂ ವಿನೆಗರ್ ಹಾಕುವ ಉಪಾಯ ನನಗೆ ಹಿಡಿಸಿಲ್ಲ, ರಬ್ಬರ್ ಭಾಗಗಳು ಬೇಗ ಹಾಳಾಗುವ ಭಯ.

6. ಅಡುಗೆಮನೆ, ಕುಡಿಯುವ ನೀರು, ಮೈ, ಕೂದಲು

ಗಡಸು ನೀರಿನಲ್ಲಿ ಒಣ ಕಾಳು ಬೇಯುವುದಿಲ್ಲ ಅನ್ನುವುದು ಬರೀ ಗೊಣಗಾಟ ಅಲ್ಲ. ಕಾಳಿನ ಜೀವಕೋಶಗಳನ್ನು ಅಂಟಿಸಿರುವ ಪೆಕ್ಟಿನ್ ಜೊತೆ ಕ್ಯಾಲ್ಸಿಯಂ ಸೇರಿ ಅದನ್ನು ಗಟ್ಟಿ ಮಾಡುತ್ತದೆ. ತಾತ್ಕಾಲಿಕ ಗಡಸಾದರೆ ನೀರನ್ನು ಕುದಿಸಿ, ತಿಳಿ ಬಸಿದು, ಆ ನೀರಿನಲ್ಲೇ ನೆನೆಸಿ ಬೇಯಿಸಿ. ಚಹಾದ ಮೇಲೆ ಕಟ್ಟುವ ತೆಳು ಪೊರೆಯೂ ಈ ನೀರಿನ ಕೆಲಸವೇ. ಕುಡಿದರೆ ಏನೂ ಆಗುವುದಿಲ್ಲ.

ಕುಡಿಯುವ ನೀರಿನ ಬಗ್ಗೆ ಹೆದರಿಕೆ ಬೇಕಾಗಿಲ್ಲ. ಗಡಸುತನಕ್ಕೆ ಆರೋಗ್ಯದ ಕಾರಣದಿಂದ ಯಾವ ಮಿತಿಯನ್ನೂ ವಿಶ್ವ ಆರೋಗ್ಯ ಸಂಸ್ಥೆ ಹಾಕಿಲ್ಲ. ಕ್ಯಾಲ್ಸಿಯಂ, ಮೆಗ್ನೀಷಿಯಂ ಎರಡೂ ದೇಹಕ್ಕೆ ಬೇಕಾದವೇ. ಆದರೆ ಕೊಳವೆಬಾವಿ ನೀರಾದರೆ ಫ್ಲೋರೈಡ್, ನೈಟ್ರೇಟ್, ರೋಗಾಣುಗಳ ಪರೀಕ್ಷೆ ಲ್ಯಾಬಿನಲ್ಲಿ ಒಮ್ಮೆ ಮಾಡಿಸಿ. ಬಕೆಟ್ ಬೆಳ್ಳಗಾಗುವುದಕ್ಕಿಂತ ಅವು ದೊಡ್ಡ ವಿಷಯ.

ಚರ್ಮ ಬಿಗಿಯುವುದು, ಕೂದಲು ಒರಟಾಗುವುದು ಬಹುಪಾಲು ಸೋಪಿನ ಜಿಡ್ಡು ಸರಿಯಾಗಿ ತೊಳೆದುಹೋಗದ ಕಾರಣ. ಸೋಪು ಕಡಿಮೆ ಮಾಡಿ, ಡಿಟರ್ಜೆಂಟ್ ಬಗೆಯ ಮೆದು ಕ್ಲೆನ್ಸರ್ ಬಳಸಿ, ಇಡಿಟಿಎ ಇರುವ ಶಾಂಪೂ ಆರಿಸಿ. ಮಗುವಿಗೆ ಎಕ್ಸಿಮಾ ಇದೆ, ನೀರು ಮೆದು ಮಾಡಿದರೆ ವಾಸಿಯಾಗುತ್ತದೆ ಅಂತ ಯಾರಾದರೂ ಯಂತ್ರ ಮಾರಲು ಬಂದರೆ ಒಂದು ವಿಷಯ ನೆನಪಿರಲಿ. ಬ್ರಿಟನ್ನಿನಲ್ಲಿ 336 ಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 12 ವಾರ ಮೆದು ನೀರು ಬಳಸಿದ ಮಕ್ಕಳಿಗೆ ಮಾಮೂಲಿ ಚಿಕಿತ್ಸೆಗಿಂತ ಹೆಚ್ಚಿನ ಗುಣವೇನೂ ಅಳತೆಯಲ್ಲಿ ಕಾಣಲಿಲ್ಲ.

7. ಏನನ್ನು ಕೊಳ್ಳಬಾರದು

ಸ್ಫಟಿಕ ಅಥವಾ ಆಲಮ್ ತಿರುಗಿಸಿದರೆ ಮಣ್ಣು ಕೂರುತ್ತದೆ, ಗಡಸುತನ ಹೋಗುವುದಿಲ್ಲ. ಕಾರ್ಬನ್ ಫಿಲ್ಟರ್, ಯುವಿ ದೀಪ ಎರಡೂ ಅಷ್ಟೇ. ಪೈಪಿಗೆ ಕಟ್ಟುವ ಅಯಸ್ಕಾಂತದ ಮೇಲೆ ನನಗೆ ನಂಬಿಕೆ ಇಲ್ಲ. ಪ್ರಯೋಗಗಳಲ್ಲಿ ಒಮ್ಮೆ ಫಲ ಕಂಡರೆ ಇನ್ನೊಮ್ಮೆ ಇಲ್ಲ, ಮತ್ತು ನೀರಿನ ಕ್ಯಾಲ್ಸಿಯಂ ಇದ್ದಷ್ಟೇ ಇರುತ್ತದೆ. ಪಾಲಿಫಾಸ್ಫೇಟ್ ಹರಳಿನ ಕಾರ್ಟ್ರಿಜ್ ಗಡಸುತನ ತೆಗೆಯುವುದಿಲ್ಲ, ಆದರೆ ಸುಣ್ಣ ಗಟ್ಟಿಯಾಗಿ ಅಂಟದಂತೆ ಸ್ವಲ್ಪ ತಡೆಯುತ್ತದೆ. ವಾಷಿಂಗ್ ಮೆಷಿನ್ ಅಥವಾ ಗೀಸರ್‌ನ ಮುಂದೆ ಒಂದನ್ನು ಹಾಕಿ ನೋಡಬಹುದು. ನೀರು ತುಂಬಾ ಬಿಸಿಯಾದರೆ ಅದರ ಶಕ್ತಿ ಕುಂದುತ್ತದೆ, ಹರಳು ಕರಗಿದ ಹಾಗೆ ಬದಲಿಸುತ್ತಲೂ ಇರಬೇಕು.

ಆರ್‌ಒ ಗಡಸುತನವನ್ನು ಚೆನ್ನಾಗಿ ತೆಗೆಯುತ್ತದೆ, ಆದರೆ ಇಡೀ ಮನೆಗೆ ಹಾಕುವಂಥದ್ದಲ್ಲ. ಅದು ಹೊರಬಿಡುವ ನೀರಿನಲ್ಲಿ ಸುಣ್ಣ ಇನ್ನೂ ಜಾಸ್ತಿ. ನೆಲ ಒರೆಸಲು, ಟಾಯ್ಲೆಟ್ಟಿಗೆ ಸರಿ. ಬಟ್ಟೆಗೆ, ಗೀಸರಿಗೆ ಬೇಡ.

8. ಸಾಫ್ಟ್ನರ್ ಬೇಕೇ ಬೇಕು ಅನ್ನಿಸಿದರೆ

ಗಡಸುತನ 300 ದಾಟಿದೆ, ಮನೆ ತುಂಬಾ ಜನ, ಗೀಸರ್ ಮೇಲೆ ಗೀಸರ್ ಹಾಳಾಗುತ್ತಿದೆ ಅಂದರೆ ಅಯಾನ್ ವಿನಿಮಯದ ಸಾಫ್ಟ್ನರ್ ನೋಡಬಹುದು. ಒಳಗೆ ರೆಸಿನ್ ಎಂಬ ಸಣ್ಣ ಮಣಿಗಳು. ಅವು ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತವೆ. ಮಣಿ ತುಂಬಿದ ಮೇಲೆ ಉಪ್ಪುನೀರು ಹಾಯಿಸಿದರೆ ಕ್ಯಾಲ್ಸಿಯಂ ಹೊರಬಂದು ಮಣಿ ಮತ್ತೆ ಸಿದ್ಧ.

ಗಾತ್ರವನ್ನು ಮಾರುವವರ ಮಾತಿಗೆ ಬಿಡದೆ ನೀವೇ ಲೆಕ್ಕ ಹಾಕಿ. ಗಡಸುತನ 400, ದಿನಕ್ಕೆ 500 ಲೀಟರ್ ಬಳಕೆ ಅಂದರೆ ದಿನಕ್ಕೆ 200 ಗ್ರಾಂ ತೆಗೆಯಬೇಕು. ಒಂದು ಲೀಟರ್ ರೆಸಿನ್ ಒಂದು ಸುತ್ತಿಗೆ ಸುಮಾರು 50 ಗ್ರಾಂ ಹಿಡಿಯುತ್ತದೆ ಅಂದುಕೊಳ್ಳಿ. 10 ಲೀಟರ್ ರೆಸಿನ್ 500 ಗ್ರಾಂ ಹಿಡಿಯಿತು, ಅಂದರೆ ಎರಡೂವರೆ ದಿನ. ಪ್ರತಿ ಸಲಕ್ಕೆ 1ರಿಂದ 1.5 ಕೆಜಿ ಉಪ್ಪು. ಸ್ನಾನ ಮತ್ತು ಬಟ್ಟೆಯ 250 ಲೀಟರಿಗಷ್ಟೇ ಜೋಡಿಸಿದರೆ ಅದೇ ಯಂತ್ರ ಐದು ದಿನ ಬರುತ್ತದೆ. ನಾನು ಹಾಗೇ ಮಾಡಿ ಅನ್ನುತ್ತೇನೆ.

ಅಡುಗೆಮನೆಯ ನಲ್ಲಿಯನ್ನು ಸಾಫ್ಟ್ನರ್‌ಗಿಂತ ಮುಂಚೆಯೇ ಬೇರ್ಪಡಿಸಿ. ತೆಗೆದ ಪ್ರತಿ 100 ಮಿಲಿಗ್ರಾಂ ಗಡಸುತನಕ್ಕೆ ಲೀಟರಿಗೆ 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಉಪ್ಪು ಕಡಿಮೆ ಮಾಡಲು ವೈದ್ಯರು ಹೇಳಿರುವವರು ಈ ನೀರನ್ನು ಕುಡಿಯಬಾರದು. ಮಗುವಿನ ಪುಡಿಹಾಲಿಗೂ ಇದು ಬೇಡ. ಗಿಡಗಳಿಗೂ ಬೇಡ, ಸೋಡಿಯಂ ಮಣ್ಣನ್ನು ಗಟ್ಟಿ ಮಾಡುತ್ತದೆ. ತೊಳೆದ ಉಪ್ಪುನೀರು ಚರಂಡಿ ಪೈಪಿಗೇ ಹೋಗಲಿ, ತೋಟದ ಕಡೆ ಬಿಡಬೇಡಿ. ನೀರಿನಲ್ಲಿ ಕಬ್ಬಿಣ ಇದ್ದರೆ ಮೊದಲು ಅದನ್ನು ತೆಗೆಯುವ ಫಿಲ್ಟರ್ ಬೇಕು, ಇಲ್ಲದಿದ್ದರೆ ರೆಸಿನ್ ಕೆಡುತ್ತದೆ.

ಸೊನ್ನೆಗೆ ಇಳಿಸುವ ಹಟ ಬೇಡ. ಪೂರ್ತಿ ಮೆದು ನೀರಿನಲ್ಲಿ ಸ್ನಾನ ಮಾಡಿದರೆ ಎಷ್ಟು ತೊಳೆದರೂ ಮೈ ಜಾರುತ್ತಲೇ ಇದೆ ಅನ್ನಿಸುತ್ತದೆ, ಗೀಸರಿನ ಆನೋಡ್ ಕೂಡ ಬೇಗ ಸವೆಯುತ್ತದೆ. ಸ್ವಲ್ಪ ಗಡಸು ನೀರನ್ನು ಸಾಫ್ಟ್ನರ್ ತಪ್ಪಿಸಿ ಬೆರೆಸುವ ಬೈಪಾಸ್ ವಾಲ್ವ್ ಸ್ವಲ್ಪ ತೆರೆದು, ಹೊರಬರುವ ನೀರು 60ರಿಂದ 100ರ ನಡುವೆ ಇರುವಂತೆ ಹೊಂದಿಸಿ. ಹೊಂದಿಸಿದ ಮೇಲೆ ವಾರಕ್ಕೊಮ್ಮೆ ಹನಿ ಕಿಟ್ಟಿನಲ್ಲಿ ನೋಡುತ್ತಿರಿ. ಹನಿಗಳ ಎಣಿಕೆ ಇದ್ದಕ್ಕಿದ್ದಂತೆ ಏರಿದರೆ ಮೊದಲು ಉಪ್ಪಿನ ಡಬ್ಬಿಯ ಮುಚ್ಚಳ ತೆಗೆಯಿರಿ. ಉಪ್ಪು ಖಾಲಿಯಾಗಿರುತ್ತದೆ, ಇಲ್ಲವೇ ಮೇಲೆ ಗಟ್ಟಿ ಹೆಪ್ಪು ಕಟ್ಟಿ ಕೆಳಗೆ ಟೊಳ್ಳಾಗಿರುತ್ತದೆ. ಒಂದು ಕೋಲಿನಿಂದ ತಿವಿದರೆ ಕುಸಿದು ಬೀಳುತ್ತದೆ.